ನಮ್ಮವ್ವ ಕೆಮ್ಮುವುದಿಲ್ಲ

ನವಲಗುಂದದ ನನ್ನ ಬಾಡಿಗೆ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಒಂದು ಅಲ್ಯುಮಿನಿಯಮ್ ಡಬ್ಬಿ. ಅದರ ಜಾಗ ಅಡುಗೆಮನೆ ಅಲ್ಲ, ಪುಸ್ತಕದ ಕಪಾಟಿನ ನೆತ್ತಿ. ಮುಚ್ಚಳ ಜಜ್ಜಿಹೋಗಿದೆ, ಹಿಡಿಕೆ ಮುರಿದು ಅಲ್ಲಿಗೆ ತಂತಿ ಬಂದಿದೆ. ಸುತ್ತಿದ ಹಳೆಯ ಬಟ್ಟೆಯ ಮೂಲೆಗೆ ಕೆಂಪು ದಾರದಲ್ಲಿ ಹೊಲಿದ ಒಂದು ಗುಣಾಕಾರದ ಗುರುತು. ಅದು ನಮ್ಮವ್ವ ಫಕೀರವ್ವನ ಸಹಿ. ಸರಕಾರಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವವಳು ಬುತ್ತಿಯ ಮೇಲೆ ಮಾತ್ರ ಸಹಿ ಮಾಡುತ್ತಾಳೆ.

ಡಬ್ಬಿಯ ಕೆಳಗೆ ಮೂರು ಸಾಲು ಕಾದಂಬರಿಗಳು. ಎಲ್ಲವೂ ತಾಯಂದಿರ ಕಥೆಗಳೇ. ನಾನು ಕನ್ನಡ ಕಲಿಸುವ ಹೈಸ್ಕೂಲಿನ ಹೆಡ್‌ಮಾಸ್ತರರು ಒಮ್ಮೆ ಚಹಾಕ್ಕೆ ಬಂದವರು ಸೊಂಟದ ಮೇಲೆ ಕೈಯಿಟ್ಟು ಆ ಸಾಲುಗಳನ್ನೆಲ್ಲ ಓದಿದರು.

"ಏನ್ರಿ ಟೀಚರ್, ಎಲ್ಲಾ ತಾಯಿ ಪುಸ್ತಕನಽ ಅದಾವಲ್ರಿ. ತಾಯಿ ಮ್ಯಾಲೆ ಭಾಳ ಜೀವ ಕಾಣತೈತಿ ನಿಮಗ."

"ಹೌದ್ರಿ ಸರ್" ಅಂದೆ. ಹೆಡ್‌ಮಾಸ್ತರರ ಮುಂದೆ ಇದಕ್ಕಿಂತ ಉದ್ದದ ಉತ್ತರ ಒಳ್ಳೆಯದಲ್ಲ. ನಿಜ ಹೇಳಬೇಕೆಂದರೆ ಆ ಪುಸ್ತಕಗಳನ್ನು ನಾನು ಪ್ರೀತಿಯಿಂದ ಕೂಡಿಸಿದ್ದಲ್ಲ. ಅವ್ವನಿಗೆ ಒಂದು ಪುಸ್ತಕ ತಂದುಕೊಡುತ್ತೇನೆಂದು ಒಪ್ಪಿಕೊಂಡು ಕುಳಿತಿದ್ದೇನೆ. ಅದು ಯಾವುದೆಂದು ನನಗೂ ಗೊತ್ತಿಲ್ಲ. ಹುಡುಕುತ್ತಾ ಹುಡುಕುತ್ತಾ ಕಪಾಟು ತುಂಬಿತು.

ಹುಡುಕುವವರಿಗೆ ಒಂದು ವಿದ್ಯೆಯಂತೂ ಬರುತ್ತದೆ. ಕಾದಂಬರಿಯ ತಾಯಿಯನ್ನು ನಾನೀಗ ದೂರದಿಂದಲೇ ಗುರುತಿಸಬಲ್ಲೆ. ಆಕೆ ಕೆಮ್ಮುತ್ತಾಳೆ. ಮೂರನೆಯ ಪುಟದಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಂದು ಸಲ ಕೆಮ್ಮಿದಳೆಂದರೆ ಲೇಖಕ ಮಹಾಶಯ ಆಕೆಯ ಟಿಕೇಟು ತೆಗೆಸಿದ್ದಾನೆ ಎಂದೇ ತಿಳಿಯಬೇಕು. ಆಮೇಲೆ ಇನ್ನೂರು ಪುಟ ನಾವು ಆಕೆಯ ಜೊತೆ ಕೆಮ್ಮುತ್ತಾ ಕೂಡಬೇಕು. ಕೊನೆಗೆ ಮಗ ಪೇಟೆಯಿಂದ ಬರುವ ಬಸ್ಸು ತಡವಾಗುತ್ತದೆ. ಈಕೆ ಪ್ರಾಣ ಬಿಟ್ಟು ಸರಿಯಾಗಿ ಅರ್ಧ ತಾಸಿಗೆ ಅದು ಬಂದು ನಿಲ್ಲುತ್ತದೆ. ನಮ್ಮ ಕಡೆಯ ಬಸ್ಸುಗಳೂ ತಡವಾಗುತ್ತವೆ, ಆದರೆ ಸಾಹಿತ್ಯದ ಅನುಕೂಲ ನೋಡಿಕೊಂಡು ಇಷ್ಟು ನೇಮದಿಂದ ತಡವಾಗುವುದಿಲ್ಲ. ಇನ್ನೊಂದು ಮಾತು. ಈ ತಾಯಿಗೆ ಹಸಿವೆಯೇ ಆಗುವುದಿಲ್ಲ. "ನನಗೆ ಸಾಕಾಯಿತು ಮಗಾ, ನೀನು ಉಣ್ಣು" ಎನ್ನುವುದೇ ಆಕೆಯ ಊಟ. ಮತ್ತು ಆಕೆಗೆ ಇರುವುದು ಮಗ. ಮಗಳಿದ್ದರೆ ಆ ಹುಡುಗಿ ಎಲ್ಲೋ ಹಿಂದೆ ದೀಪ ಹಚ್ಚುತ್ತಿರುತ್ತಾಳೆ. ಮಗಳಿಗಾಗಿ ಕೆಮ್ಮಿದ ತಾಯಿಯನ್ನು ನಾನಿನ್ನೂ ಕಂಡಿಲ್ಲ.

ನಮ್ಮವ್ವ ಕೆಮ್ಮುವುದಿಲ್ಲ. ನಮ್ಮೂರು ಶಲವಡಿಯಲ್ಲಿ ನಮ್ಮ ಮನೆಗೂ ನೆರೆಯ ಕಾಶವ್ವನ ಮನೆಗೂ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಈ ಕಡೆ ಒಂದು ಸೀನು ಬಿದ್ದರೆ ಆ ಕಡೆಯಿಂದ ಕಾಶವ್ವ ಕಷಾಯದ ವಿವರ ಕೂಗಿ ಹೇಳುತ್ತಾಳೆ. ಆಕೆಗೆ ಆ ಸುಖ ಕೊಡಬಾರದೆಂದು ಅವ್ವ ಕೆಮ್ಮುವುದನ್ನೇ ಬಿಟ್ಟಳೆಂದು ನನ್ನ ಗುಮಾನಿ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಓಣಿಗೆ ಬಂದವರು. ಒಬ್ಬರ ಮನೆಯ ಸಾರಿನ ಒಗ್ಗರಣೆ ಇನ್ನೊಬ್ಬರಿಗೆ ಗೊತ್ತಾಗದೆ ಇರುವುದಿಲ್ಲ, ಗೊತ್ತಾಯಿತೆಂದು ಒಪ್ಪಿಕೊಳ್ಳುವುದೂ ಇಲ್ಲ.

ನಾನು ಮೆಟ್ರಿಕ್ ಪಾಸಾದ ದಿನ ಮನೆಯಲ್ಲಿ ಪಂಚಾಯತಿ ಕೂಡಿತು. ಇಬ್ಬರು ಅಣ್ಣಂದಿರು ಏಳನೆಯ ಇಯತ್ತೆಗೇ ಸಾಲಿಗೆ ಶರಣು ಹೇಳಿ ಹೊಲ ಹಿಡಿದಿದ್ದರು. ಹುಡುಗಿಯನ್ನು ಹುಬ್ಬಳ್ಳಿಗೆ ಕಳಿಸುವುದೆಂದರೆ ಅಪ್ಪನಿಗೆ ನಾಲಿಗೆ ಹೊರಳಲಿಲ್ಲ. ಸಾಹಿತ್ಯದ ತಾಯಿಯಾಗಿದ್ದರೆ ಇಲ್ಲಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಒಂದು ಮಾತು ಆಡಬೇಕಿತ್ತು. ನಮ್ಮವ್ವ ಆಡಿದ್ದು ಇದು:

"ಈಕಿ ರೊಟ್ಟಿ ಬಡದರ ಹಿಂದೂಸ್ತಾನದ ನಕಾಶಿ ಆಗತೈತಿ. ಕಳೆ ತಗಿ ಅಂತ ಹೊಲಕ್ಕ ಕಳಿಸಿದ್ರ ಪೀಕಽ ಕಿತ್ತಕೊಂಡ ಬರತಾಳ. ಸಾಲಿ ಬಿಟ್ರ ಈಕಿ ಬ್ಯಾರೆ ಎದಕ್ಕೂ ಉಪಯೋಗಿಲ್ಲ. ಕಳಸ್ರಿ ಅತ್ತಾಗ."

ಹೀಗೆ ನಾನು ಉಚ್ಚ ಶಿಕ್ಷಣಕ್ಕೆ ಅರ್ಹಳಾದೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಕಂಡಿಲ್ಲ. ಈಗ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗ ಪೆನ್ನು ಸ್ವಲ್ಪ ಗಟ್ಟಿಯಾಗಿ ಒತ್ತುತ್ತೇನೆ. ಆ ಎರಡು ಅಕ್ಷರದ ಹಿಂದೆ ಎಷ್ಟು ರೊಟ್ಟಿ ಇವೆಯೆಂದು ನನಗೆ ಗೊತ್ತು.

ರೊಟ್ಟಿ ಎಂದದ್ದು ಮಾತಿಗಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ಮುದುಕಿಯ ಮನೆಯ ಹಿಂದಿನ ಖೋಲಿಯಲ್ಲಿ ನಾವು ಮೂವರು ಹುಡುಗಿಯರು ಇದ್ದೆವು. ನಮ್ಮ ಕಡೆಯ ಹಳ್ಳಿಗಳಿಂದ ಓದಲು ಬಂದವರಿಗೆಲ್ಲ ಊರಿನ ಬಸ್ಸಿನಲ್ಲೇ ಬುತ್ತಿ ಬರುತ್ತಿತ್ತು. ಪ್ರತಿ ಸೋಮವಾರ ಮುಂಜಾನೆ ಸ್ಟ್ಯಾಂಡಿನಲ್ಲಿ ನಿಂತರೆ ಬಸ್ಸಿನಿಂದ ಮೊದಲು ಇಳಿಯುವುದು ಡಬ್ಬಿಗಳು, ಆಮೇಲೆ ಮನುಷ್ಯರು. ವಾರವಿಡೀ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಪುಡಿ, ಒಂದು ಕುಡಿಕೆ ಮೊಸರು. ಕಂಡಕ್ಟರ್ ಸಿದ್ದಪ್ಪ ಕಾಕಾ ಡಬ್ಬಿಯ ಜೊತೆ ಬಾಯಿಮಾತಿನ ಪತ್ರವನ್ನೂ ತರುತ್ತಿದ್ದ. "ನಿಮ್ಮವ್ವ ಸಿಟ್ಟಾಗ್ಯಾಳಬೇ. ಹ್ವಾದ ವಾರ ಡಬ್ಬಿ ತೊಳೀದಽ ಕಳಿಸಿದ್ದಿ ಅಂತ." ಅಷ್ಟು ಜನರ ನಡುವೆ ಓದುವ ಪತ್ರ. ಇನ್ನು ಕಾದಂಬರಿಯ ತಾಯಂದಿರ ಅಂಚೆ ಕಾಗದದ ಮೇಲೆ ಕಣ್ಣೀರಿನ ಹನಿ ಬಿದ್ದು ಶಾಯಿ ಕದಡಿರುತ್ತದಂತೆ. ನನಗೆ ಬಂದ ಪತ್ರಗಳಲ್ಲಿ ಕದಡಿದ್ದು ಮೊಸರು ಮಾತ್ರ.

ಕಾಲೇಜಿನಲ್ಲಿ ನನಗೆ ಸಾಹಿತ್ಯದ ಭೇಟಿಯಾಯಿತು. ಕನ್ನಡ ಕಲಿಸುವ ಸರ್ ತಾಯಿಯ ಬಗ್ಗೆ ಮಾತಾಡಲು ನಿಂತರೆ ಕನ್ನಡಕ ತೆಗೆದು ಕಣ್ಣು ಮುಚ್ಚಿಬಿಡುತ್ತಿದ್ದರು. ಒಂದೊಂದು ಕಾದಂಬರಿ ಓದಿದಂತೆಲ್ಲ ನನಗೆ ನಾಚಿಕೆ ಬೆಳೆಯಿತು. ಎಂಥೆಂಥ ತಾಯಂದಿರು! ಅವರೆಲ್ಲಿ, ಬಸ್ ಕಂಡಕ್ಟರ್ ಕೈಯಲ್ಲಿ ಬೈಗುಳ ಕಳಿಸುವ ಫಕೀರವ್ವ ಎಲ್ಲಿ! ಇಂಥ ತಾಯಿಯನ್ನು ಇಟ್ಟುಕೊಂಡು ನಾನು ಲೇಖಕಿ ಆಗುವುದಾದರೂ ಹೇಗೆ?

ಎರಡನೆಯ ವರ್ಷ ಕಾಲೇಜಿನಲ್ಲಿ ಕಥಾ ಸ್ಪರ್ಧೆ ಇಟ್ಟರು. ಇದ್ದ ಅವ್ವ ಸಾಹಿತ್ಯಕ್ಕೆ ಸಾಲುವುದಿಲ್ಲವೆಂದು ನಾನು ಹೊಸ ಅವ್ವನನ್ನೇ ತಯಾರಿಸಿದೆ. ಬಡವಿ, ಮೆತ್ತನೆಯ ಮಾತಿನವಳು, ಮೂರನೆಯ ಪುಟದಿಂದ ಕೆಮ್ಮು. ನನ್ನನ್ನು ಗಂಡು ಮಾಡಿಕೊಂಡೆ. ಮಗಳಿಗಾಗಿ ಅಷ್ಟೆಲ್ಲ ಕೆಮ್ಮಿದರೆ ಯಾರು ಬಹುಮಾನ ಕೊಡುತ್ತಾರೆ? ಕಥೆಯ ನಡುವೆ ಒಂದು ಸನ್ನಿವೇಶ ಹಾಕಿದೆ. ಮನೆಯಲ್ಲಿ ಹಿಟ್ಟು ಮುಗಿದಿದೆ, ಇದ್ದದ್ದನ್ನು ಮುಂಜಾನೆ ಮಕ್ಕಳಿಗೆ ಹಾಕಿಯಾಗಿದೆ. ಸಂಜೆ ಓಣಿಯ ಎಲ್ಲ ಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿರುವಾಗ ತನ್ನ ಮನೆ ಸುಮ್ಮನಿದ್ದರೆ ನೆರೆಯವರಿಗೆ ಗೊತ್ತಾದೀತೆಂದು ತಾಯಿ ರೊಟ್ಟಿಯ ಹಲಗೆಯ ಮುಂದೆ ಕುಳಿತು ಬರಿಗೈಯಿಂದ ಬರಿ ಹಲಗೆಯನ್ನೇ ಬಡಿಯುತ್ತಾಳೆ. ಕೊನೆಗೆ ಆಕೆ ಸಾಯುತ್ತಾಳೆ, ಬಸ್ಸು ತಡವಾಗುತ್ತದೆ.

ಮೊದಲನೆಯ ಬಹುಮಾನ ನನಗೇ ಬಂತು. ಬರಿ ಹಲಗೆಯ ಭಾಗದ ಕೆಳಗೆ ಸರ್ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು "ಎಂಥ ಕಲ್ಪನೆ!" ಎಂದು ಬರೆದಿದ್ದರು. ಹೌದು, ಕಲ್ಪನೆಯೇ. ಆ ಸನ್ನಿವೇಶ ನಾನು ಎಲ್ಲೂ ಓದಿದ್ದಲ್ಲ, ಎಲ್ಲೂ ಕಂಡದ್ದೂ ಅಲ್ಲ. ಖೋಲಿಯ ಗೋಡೆಗೆ ಒರಗಿ ಅವ್ವನ ರೊಟ್ಟಿಯನ್ನೇ ಕಟುಕುಟು ತಿನ್ನುತ್ತಿದ್ದಾಗ ಅದು ತಾನಾಗಿ ಹೊಳೆದಿತ್ತು.

ಕಥೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಸುದ್ದಿ ಬಸ್ಸಿನಲ್ಲಿ ನನಗಿಂತ ಮೊದಲೇ ಊರು ಸೇರಿತು. ರಜೆಗೆ ಹೋದಾಗ ನಮ್ಮ ಪಡಸಾಲೆಯಲ್ಲಿ ಕೆಂಪು ಮೆಣಸಿನಕಾಯಿಯ ಗುಡ್ಡೆ ಬಿದ್ದಿತ್ತು. ಏಳೆಂಟು ಹೆಂಗಸರು ಸುತ್ತ ಕುಳಿತು ತೊಟ್ಟು ಮುರಿಯುತ್ತಿದ್ದರು. ನಾನು ಚೀಲ ಇಳಿಸಿದ್ದೇ ತಡ, ಅವ್ವ ಅಂದಳು:

"ಏ ನೀಲಾ, ಪುಸ್ತಕದಾಗ ಬಂದೈತಂತಲ್ಲ ನಿಂದು. ತಗಿ, ಓದು. ಎಲ್ಲಾರೂ ಕೇಳ್ಲಿ."

ಎದುರಿಗೆ ಗುಂಡುಕಲ್ಲಿನಂತೆ ಕುಳಿತ ಅವ್ವನಿಗೆ ನೀನು ಸತ್ತೆ ಎಂದು ಓದಿ ಹೇಳುವುದು ಹೇಗೆ? ಓದುತ್ತಾ ಓದುತ್ತಾ ಕೊನೆ ಬದಲಿಸಿಬಿಡುವುದೆಂದು ಠರಾಯಿಸಿಕೊಂಡೆ. ಆಕೆಗೆ ಓದಲು ಬರುವುದಿಲ್ಲವೆನ್ನುವುದೇ ನನಗಿದ್ದ ಒಂದು ಧೈರ್ಯ. ಪದವಿಗೆ ಓದುವ ಮಗಳ ಧೈರ್ಯ ಎಂಥದು ನೋಡಿ.

ಓದತೊಡಗಿದೆ. ಎರಡನೆಯ ಪುಟಕ್ಕೆ ಎಲ್ಲರ ಕಣ್ಣಲ್ಲೂ ನೀರು. ಒಬ್ಬಳು ಮೂಗು ಒರೆಸಿಕೊಂಡಳು, ಇನ್ನೊಬ್ಬಳು ಸೆರಗು ಕಣ್ಣಿಗೆ ಹಚ್ಚಿದಳು. ಬಹುಮಾನ ಸುಮ್ಮನೆ ಬಂದದ್ದಲ್ಲ ಅಂದುಕೊಂಡೆ. ಒಂದು ನಿಮಿಷ ನಿಲ್ಲಿಸಿ ತಲೆ ಎತ್ತಿದರೆ ನನ್ನ ಕಣ್ಣೂ ಉರಿಯತೊಡಗಿ ಸಾಲಾಗಿ ನಾಲ್ಕು ಸೀನು ಬಿದ್ದವು. ಆಗ ತಿಳಿಯಿತು, ಅತ್ತದ್ದು ಸಾಹಿತ್ಯಕ್ಕಲ್ಲ, ಮೆಣಸಿನಕಾಯಿಗೆ.

ಅವ್ವನ ಕಣ್ಣು ಮಾತ್ರ ಒಣಗಿತ್ತು. "ಇದರಾಗ ನೀ ಎಲ್ಲದಿ?" ಎಂದು ಕೇಳಿದಳು.

"ಆ ಹುಡುಗಽ ನಾನು."

"ಯಾಕ, ಹುಡುಗಿ ಆದ್ರ ಏನಾಗತಿತ್ತ? ಅಕ್ಷರ ಓಡಿ ಹೊಕ್ಕಿದ್ದುವೇನು?"

ಪುಟ ತಿರುವಿ ಮುಂದೆ ಓದಿದೆ. ಬರಿ ಹಲಗೆಯ ಸನ್ನಿವೇಶ ಬಂದಾಗ ದನಿ ಏರಿಸಿದೆ, ಸರ್ ಗೆರೆ ಎಳೆದ ಕಡೆಯೆಲ್ಲ ನಿಲ್ಲಿಸಿ ನಿಲ್ಲಿಸಿ ಓದಿದೆ. ಸಾವನ್ನು ಮುಚ್ಚಿಡುವುದೊಂದೇ ಚಿಂತೆಯಲ್ಲಿದ್ದೆನಲ್ಲ, ಇದರಲ್ಲಿ ಮುಚ್ಚಿಡುವಂಥದು ಏನಾದರೂ ಇದ್ದೀತೆಂದು ಹೊಳೆಯಲೇ ಇಲ್ಲ.

ಮೊದಲು ನಕ್ಕವಳು ಕಾಶವ್ವ. "ಅಲ್ಲಬೇ ನೀಲವ್ವ, ನಿನ್ನ ಕಥಿಯಾಗಿನ ನೆರಿಮನ್ಯಾಕಿ ಕಿವುಡಿ ಏನು? ಬರೆ ಹಲಗಿ ಸಪ್ಪಳ ಬ್ಯಾರೆ, ಹಿಟ್ಟಿನ ಸಪ್ಪಳ ಬ್ಯಾರೆ. ದಿನಾ ರೊಟ್ಟಿ ಬಡಿಯಾಕಿಗೆ ಅಷ್ಟ ತಿಳಿಯೂದಿಲ್ಲೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ವಿಮರ್ಶೆಯನ್ನು ಸಹಿಸಿಕೊಳ್ಳುವುದು ಲೇಖಕರಿಗೆ ಒಪ್ಪುವ ಗುಣ ಎಂದು ಸರ್ ಹೇಳಿದ್ದರು. ಅವ್ವನ ಕೈಯಲ್ಲಿದ್ದ ಮೆಣಸಿನಕಾಯಿ ಮಾತ್ರ ಮುರಿಯದೆ ಹಾಗೇ ನಿಂತಿತು.

"ಅದು ಕಥಿ ಬೇ ಕಾಶವ್ವ" ಅಂದಳು. "ಕಥಿಯಾಗ ಎಲ್ಲಾರೂ ಕಿವುಡರಽ."

ಕಾಶವ್ವ ಒಂದು ಗಳಿಗೆ ಅವ್ವನನ್ನು ನೋಡಿದಳು. ಆಮೇಲೆ ಗುಡ್ಡೆಗೆ ಕೈ ಹಾಕಿದಳು. "ಖರೇ ಬಿಡು. ಒಮ್ಮೊಮ್ಮೆ ಕಿವುಡ ಆಗಬೇಕಾಗತೈತಿ."

ನಾನು ಕೊನೆಯ ಪುಟಕ್ಕೆ ಬಂದೆ. ಅಚ್ಚಾದದ್ದು ಬಿಟ್ಟು ಬಾಯಿಗೆ ಬಂದದ್ದು ಓದಿದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಮಗ ಔಷಧ ತಂದ, ತಾಯಿ ಎದ್ದು ಕುಳಿತಳು. ಪಡಸಾಲೆಯಲ್ಲಿ ಯಾರಿಗೂ ಖುಷಿಯಾದಂತೆ ಕಾಣಲಿಲ್ಲ.

"ಹಿಂಗಽ? ಆಕಿ ಸಾಯಬೇಕಿತ್ತವಾ" ಎಂದಳು ಒಬ್ಬಳು. "ಅಂದ್ರ ಆ ಮಗಗ ಬುದ್ಧಿ ಬರತಿತ್ತು."

"ಅಷ್ಟ ಕೆಮ್ಮಿಸಿ ಉಳಿಸೂದಂದ್ರ?" ಎಂದಳು ಇನ್ನೊಬ್ಬಳು.

ಎಂಟು ಜನ ಹೆಂಗಸರು ಒಂದೇ ಮಾತಿನಿಂದ ನನ್ನ ನಾಯಕಿಯನ್ನು ಸಾಯಿಸಬೇಕೆಂದರು. ಬೆವರು ಒರೆಸಿಕೊಂಡು, ನಿಜವಾದ ಕಥೆಯಲ್ಲಿ ಆಕೆ ಸತ್ತಿದ್ದಾಳೆ ಎಂದು ಒಪ್ಪಿಕೊಂಡೆ. ಅವ್ವನ ಮುಖ ನೋಡುವ ಧೈರ್ಯ ಆಗಲಿಲ್ಲ. ಅವ್ವ ಎದ್ದು ಸೀರೆ ಝಾಡಿಸಿದಳು.

"ಸಾಯಿಸಿದ್ದಕ್ಕ ನಂದೇನಿಲ್ಲ. ಎಲ್ಲಾರೂ ಸಾಯೂದಽ. ಆದರ ಉಪಾಸ ಯಾಕ ಕೆಡವಿದಿ? ಫಕೀರವ್ವನ ಮನ್ಯಾಗ ರೊಟ್ಟಿ ಇರಲಿಲ್ಲಂತ ಹುಬ್ಬಳ್ಳಿ ಮಂದಿ ಓದಬೇಕೇನು? ಯಾರವರು ನಿನಗ ಬಹುಮಾನ ಕೊಟ್ಟಾವ್ರು?"

ಮುಂದಿನ ಸೋಮವಾರ ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ನನ್ನ ಡಬ್ಬಿಯ ಹಿಂದೆ ಒಂದು ದೊಡ್ಡ ಬುಟ್ಟಿ ಇಳಿಯಿತು. ಮೇಲೆ ಬಟ್ಟೆ, ಬಟ್ಟೆಯ ಮೂಲೆಗೆ ಕೆಂಪು ದಾರದ ಸಹಿ. ಒಳಗೆ ಒಂದರ ಮೇಲೊಂದು ಪೇರಿಸಿದ ರೊಟ್ಟಿ, ಎಣ್ಣೆಗಾಯಿ, ನಾಲ್ಕು ಬಗೆಯ ಚಟ್ನಿ, ಒಂದು ಗಡಿಗೆ ಮೊಸರು.

"ಇದು ನಿನಗಲ್ಲಬೇ" ಅಂದ ಸಿದ್ದಪ್ಪ ಕಾಕಾ. ಸುತ್ತಲಿನವರಿಗೆಲ್ಲ ಕೇಳಲೆಂದು ದನಿ ಎತ್ತರಿಸಿದ್ದ. "ಬಹುಮಾನ ಕೊಟ್ಟಾರಲ್ಲ, ಅವ್ರಿಗಂತ. ತಿಂದ ನೋಡಿ ಆಮ್ಯಾಲೆ ಮಾತಾಡ್ರಿ ಅಂತ ಹೇಳ್ಯಾಳ ನಿಮ್ಮವ್ವ."

ಕನ್ನಡ ವಿಭಾಗದೊಳಗೆ ಬುಟ್ಟಿ ಹೊತ್ತು ಹೋದದ್ದು ನನ್ನ ಸಾಹಿತ್ಯ ಜೀವನದ ಮೊದಲ ಮೆರವಣಿಗೆ. ಸರ್ ಕನ್ನಡಕ ತೆಗೆದರು, ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ. ಎಣ್ಣೆಗಾಯಿಯ ಮಸಾಲೆ ಬೆರಳಿಂದ ನೆಕ್ಕುತ್ತಾ ಮೂರನೆಯ ರೊಟ್ಟಿಗೆ ಕೈ ಹಾಕಿ ಕೇಳಿದರು:

"ಯಾರು ಮಾಡ್ಯಾರವಾ ಇದನ್ನ?"

"ನಮ್ಮವ್ವ ರೀ."

"ಅಂದ್ರ, ಕಥಿಯಾಗಿನ ತಾಯಿ?"

"ಅಲ್ರಿ ಸರ್. ಖರೇ ತಾಯಿ."

ಅವರು ಸ್ವಲ್ಪ ನಿರಾಶರಾದಂತೆ ಕಂಡರು. ಆದರೆ ಊಟ ನಿಲ್ಲಿಸಲಿಲ್ಲ.

ಅವ್ವನ ಮಾನ ಉಳಿಯಿತೆಂದು ನಾನು ತಿಳಿದೆ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ರಜೆಯಲ್ಲಿ ಒಂದು ಮುಂಜಾನೆ ಅವ್ವ ಒಲೆಯ ಮುಂದೆ ಕುಳಿತು ಹಿಟ್ಟು ನಾದುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಚಹಾ ಕುಡಿಯುತ್ತಾ ಬಾಗಿಲಿಗೆ ಒರಗಿದ್ದೆ. ಆಕೆ ನನ್ನ ಕಡೆ ನೋಡದೆ, ದನಿ ಇಳಿಸಿ ಕೇಳಿದಳು. ಅವ್ವನಿಗೆ ಇಳಿಸಿದ ದನಿಯೊಂದಿದೆಯೆಂದು ನನಗೆ ಗೊತ್ತಾದದ್ದು ಅವತ್ತೇ.

"ನಿನಗ ಯಾರ ಹೇಳಿದ್ರು?"

"ಏನ ಬೇ?"

"ಹಲಗಿದು."

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ಹಗೇದಾಗ ನೀರ ಹೊಕ್ಕು ಜ್ವಾಳೆಲ್ಲಾ ಮುಗ್ಗಿದ ವರ್ಷ. ನಿಮ್ಮಪ್ಪ ಹುಬ್ಬಳ್ಳಿ ಹತ್ತಿ ಗಿರಣಿಗೆ ದುಡ್ಯಾಕ ಹೋಗಿದ್ದ, ಅವಗೂ ಗೊತ್ತಿಲ್ಲ. ನಿಮ್ಮಣ್ಣಗೋಳು ಸಣ್ಣವು. ನೀ ಇನ್ನಾ ಹೊಟ್ಟಿಯಾಗಿದ್ದಿ." ಹಿಟ್ಟಿನ ಮೇಲಿನ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನಾ ಯಾರ ಮುಂದೂ ಹೇಳಿಲ್ಲ. ನಿನಗ ಯಾರ ಹೇಳಿದ್ರು?"

ನಮ್ಮ ಕಡೆ ಮನೆಯ ಮುಂದೆ ನೆಲ ಅಗೆದು ಜೋಳ ತುಂಬಿಡುವ ಹಗೇವು ಇರುತ್ತದೆ. ಒಳಗೆ ಎಷ್ಟಿದೆ, ಏನಾಗಿದೆ ಎನ್ನುವುದು ತೆಗೆದವರಿಗಷ್ಟೇ ಗೊತ್ತು. ಹಾಗೆ ಮುಚ್ಚಿಟ್ಟದ್ದನ್ನು ನಾನು ಎಂಟು ಜನರ ನಡುವೆ, ಅದರಲ್ಲೂ ಯಾವ ಗೋಡೆಗೆ ಕೇಳಲೆಂದು ಆಕೆ ಬಡಿದಿದ್ದಳೋ ಆ ಗೋಡೆಯಾಚೆಯ ಕಾಶವ್ವನ ಮುಂದೆ, ದನಿ ಏರಿಸಿ ಓದಿದ್ದೆ. ಕಲ್ಪನೆ ಎಂದು ಅದಕ್ಕೆ ಬಹುಮಾನ ಬೇರೆ ತಂದಿದ್ದೆ. ನಾನೇ ಕಟ್ಟಿದ್ದು ಎಂದರೆ ಆಕೆ ನಂಬುತ್ತಿರಲಿಲ್ಲ. ನಂಬಿದ್ದರೂ, ಮಗಳು ಕೂತಲ್ಲಿ ಕಟ್ಟುವಷ್ಟು ಹಗುರವಾಯಿತೇ ತನ್ನ ಆ ದಿನ ಎನಿಸುತ್ತಿತ್ತು. ಬಾಯಿಗೆ ಬಂದ ಸುಳ್ಳು ಹೇಳಿದೆ.

"ಪುಸ್ತಕದಾಗ ಓದಿದ್ದೆ ಬೇ. ಅಲ್ಲಿಂದ ಕದ್ದು ಹಾಕೀನಿ."

ಅವ್ವ ಮತ್ತೆ ಹಿಟ್ಟಿನ ಕಡೆ ತಿರುಗಿದಳು. ಆಮೇಲೆ ಆಕೆಯ ಹೆಗಲು ಸಡಿಲವಾದದ್ದು ಹಿಂದಿನಿಂದ ಕಂಡಿತು.

"ಹಂಗಾರ ಮತ್ತೊಬ್ಬಾಕಿನೂ ಬರೆ ಹಲಗಿ ಬಡದಾಳ."

"ಹೂಂ."

"ಆ ಪುಸ್ತಕ ತಂದು ನನಗ ಓದಿ ಹೇಳು. ಮುಂದ ಆಕಿ ಏನ ಮಾಡಿದ್ಲು ನೋಡೂಣು."

ಅಂದಿನಿಂದ ಹುಡುಕುತ್ತಿದ್ದೇನೆ. ಇಲ್ಲದ ಪುಸ್ತಕವನ್ನು ಹುಡುಕುವುದು ಮೂರ್ಖತನ ಎಂದು ನಿಮಗೆ ಅನಿಸಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನನಗೆ ತಾನಾಗಿ ಹೊಳೆದದ್ದು ನಮ್ಮ ಮನೆಯಲ್ಲೇ ನಡೆದುಹೋಗಿತ್ತೆಂದ ಮೇಲೆ ಯಾರೋ ಒಬ್ಬ ಪುಣ್ಯಾತ್ಮ ಬರೆದಿರಲೂಬಹುದಲ್ಲ! ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ತಾಯಿ ಎಂಬ ಶಬ್ದ ಕಂಡದ್ದನ್ನೆಲ್ಲ ತಂದೆ. ಆ ತಾಯಂದಿರೆಲ್ಲ ಕೆಮ್ಮಿದರು, ಅತ್ತರು, ದೇವರ ಮುಂದೆ ದೀಪ ಹಚ್ಚಿದರು. ಹಲಗೆ ಬಡಿದವಳು ಒಬ್ಬಳೂ ಸಿಗಲಿಲ್ಲ. ನಾನು ಪದವಿ ಪಡೆದೆ, ನೌಕರಿ ಹಿಡಿದೆ. ನನ್ನ ಮನೆಯಲ್ಲೇ ಸ್ಟೋವು ಇದ್ದರೂ ವಾರಕ್ಕೊಮ್ಮೆ ಬುತ್ತಿ ಬರುವುದು ತಪ್ಪಿಲ್ಲ, ಸಿದ್ದಪ್ಪ ಕಾಕಾನ ಮೂಲಕ ಪ್ರಶ್ನೆಯೂ ತಪ್ಪಿಲ್ಲ: "ಪುಸ್ತಕ ಸಿಕ್ಕಿತೇನಂತ ಕೇಳ್ಯಾಳ ನೋಡಬೇ. ಅದ್ಯಾವ ಪುಸ್ತಕಪಾ ಅಷ್ಟ ತುಟ್ಟೀದು?"

ಹೋದ ರವಿವಾರ ಊರಿಗೆ ಹೋಗಿದ್ದೆ. ಸಂಜೆ, ರೊಟ್ಟಿಯ ಹೊತ್ತು. ಅವ್ವ ಹಲಗೆಯ ಮುಂದೆ ಕುಳಿತಿದ್ದಳು. ನಾನಾಗಿಯೇ ಹೇಳಿದೆ.

"ಇನ್ನೂ ಸಿಕ್ಕಿಲ್ಲ ಬೇ ಅದು."

"ಸಿಗೂದಿಲ್ಲ" ಅಂದಳು ಅವ್ವ, ಬಿಸಿ ನೀರಿಗೆ ಹಿಟ್ಟು ಕೂಡಿಸುತ್ತಾ. "ನೀ ಸುಳ್ಳ ಹೇಳುವಾಗ ಎಡಗೈಲೆ ಜಡಿ ಹಿಡಕೋತಿ. ಅವತ್ತೂ ಹಿಡಕೊಂಡಿದ್ದಿ."

"ಮತ್ತ ಇಷ್ಟ ವರ್ಷ ಯಾಕ ಕೇಳಿಕೋತ ಬಂದಿ?"

"ನೀ ಹುಡುಕಾಕತ್ತಿದ್ದಿ ಅಲ್ಲ, ಬ್ಯಾಡಂತ ಯಾಕ ಅನ್ಲಿ? ಈಗ ನೌಕರಿ ಆತು, ತಿಳುವಳಿಕಿ ಬಂತು. ನೀನಽ ಬರಿ. ಆದರ ಆಕೀನ್ನ ಕೆಮ್ಮಿಸಬ್ಯಾಡ. ಸಾಯಿಸಬ್ಯಾಡ. ಹುಡುಗೀನ್ನ ಹುಡುಗಿ ಅಂತನಽ ಬರಿ."

"ಆತು."

"ಮತ್ತ ನೆರಿಮನ್ಯಾಕಿ ಕಿವುಡಿ ಅಂತ ಬರೀಬ್ಯಾಡ. ಆ ವರ್ಷ ಕಾಶವ್ವ ದಿನಾ ಸಂಜೀಕ ಒಂದ ನೆವ ತಗೊಂಡ ಬರತಿದ್ಲು. ಹೊಸ ಜ್ವಾಳ ಅಂತ ನಾಕ ರೊಟ್ಟಿ. ಬಸುರಿ ಅಂತ ನಾಕ ರೊಟ್ಟಿ. ನಾನೂ ಉಂಡಿದ್ದು ಹೆಚ್ಚಾಗೇತಿ ಅನ್ಕೋತ ತಗೋತಿದ್ದೆ. ಅದನ್ನಷ್ಟ ಬರಿ."

ಅವ್ವ ಹಿಟ್ಟಿನ ಮುದ್ದೆಯನ್ನು ಹಲಗೆಯ ಮೇಲಿಟ್ಟು ಬಡಿಯತೊಡಗಿದಳು. ಎರಡು ಏಟು ಬಿದ್ದಿರಲಿಲ್ಲ, ಗೋಡೆಯಾಚೆಯಿಂದ ಕೂಗು ಬಂತು:

"ಫಕೀರವ್ವಾ, ಹಿಟ್ಟಿಗೆ ನೀರ ಹೆಚ್ಚಾಗೇತಿ ನೋಡವಾ!"